ಕಲಬುರಗಿಯ ಬೋರ್ ನೀರು, ಎರಡಡಿ ಟ್ಯಾಂಕ್, ಆರು ಜಾತಿ ಮೀನು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಕಲಬುರಗಿಯ ಒಂದು ಮನೆಯದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಯಾರೆಂದು ಗೊತ್ತಾಗಬಾರದು ಅಂತ ಅವರ ಬಡಾವಣೆ, ಕೆಲಸ, ಮನೆಮಂದಿಯ ಕೆಲವು ವಿವರ ಬದಲಿಸಿದ್ದೇನೆ. ತಾಯಿಯನ್ನು ಟೀಚರ್ ಅನ್ನೋಣ, ಏಳನೇ ಕ್ಲಾಸಿನ ಮಗನನ್ನು ಹುಡುಗ ಅನ್ನೋಣ, ಅಜ್ಜಿಯನ್ನು ಆ ಮನೆಯಲ್ಲಿ ಕರೆಯುವ ಹಾಗೆ ಆಯಿ ಅಂತಲೇ ಅನ್ನೋಣ. ತಂದೆ ಊರೂರು ತಿರುಗುವ ಕೆಲಸದವರು. ಈ ಕಥೆಯಲ್ಲಿ ಅವರ ಪಾಲು ದುಡ್ಡು ಕೊಟ್ಟಿದ್ದು ಮಾತ್ರ.

ಯಾವ ಮೀನಿನ ಜೊತೆ ಯಾವ ಮೀನು ಹೊಂದುತ್ತದೆ ಅಂತ ನನ್ನನ್ನು ಕೇಳುವವರು ಜಾಸ್ತಿ. ಈ ಮನೆಯವರೂ ಅದನ್ನೇ ಕೇಳಿದರು. ಅವರ ತೊಂದರೆಯಲ್ಲಿ ಆ ಪ್ರಶ್ನೆಗೆ ಸಿಕ್ಕಿದ್ದು ನಾಲ್ಕನೇ ಜಾಗ. ಮೊದಲ ಮೂರರಲ್ಲಿ ನೀರು, ಮೇ ತಿಂಗಳು ಮತ್ತು ಗಾಜಿನ ಅಳತೆ ಕೂತಿದ್ದವು. ಅದನ್ನು ಅವರು ಕಂಡುಕೊಂಡ ದಾರಿ ಸ್ವಲ್ಪ ಸುತ್ತುಬಳಸಿನದು, ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಫೆಬ್ರವರಿ ಶುರುವಿನಲ್ಲಿ ಹುಡುಗನ ಹುಟ್ಟುಹಬ್ಬಕ್ಕೆ ಟ್ಯಾಂಕ್ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿದರೆ 56 ಲೀಟರ್. ಜಲ್ಲಿ, ಮೇಲೆ ಬಿಡುವ ಖಾಲಿ ಜಾಗ ಕಳೆದರೆ ಮೀನಿಗೆ ಸಿಗುವ ನೀರು ಸುಮಾರು 45 ಲೀಟರ್. ನೀಲಿ ಜಲ್ಲಿ, ಮೇಲೆ ಕೂರುವ ಫಿಲ್ಟರ್, ಎಲ್‌ಇಡಿ ಪಟ್ಟಿ, ಗುಳ್ಳೆ ಬಿಡುವ ಪುಟ್ಟ ಏರ್ ಪಂಪ್, ಎಲ್ಲವೂ ಅಂಗಡಿಯಿಂದಲೇ ಬಂದವು. ಅಂಗಡಿಯ ಹುಡುಗ ಸಂಜೆ ಬಂದು ಜೋಡಿಸಿದ, ಸಂಪಿನ ನೀರು ತುಂಬಿಸಿದ, ಅದೇ ಸಂಜೆ ಮೀನು ಬಿಟ್ಟು ಹೋದ.

ಮೀನು ಆರಿಸಿದ್ದು ಹುಡುಗ, ಬಣ್ಣ ನೋಡಿ. ಗೋಲ್ಡ್‌ಫಿಶ್ ಎರಡು, ಏಂಜೆಲ್ ಎರಡು, ಟೈಗರ್ ಬಾರ್ಬ್ ನಾಲ್ಕು, ನಿಯಾನ್ ಟೆಟ್ರಾ ಆರು, ಒಂದು ಗಂಡು ಫೈಟರ್, ಮತ್ತೆ "ಹೊಲಸು ತಿನ್ನಲಿಕ್ಕೆ" ಒಂದು ಸಕ್ಕರ್. ಒಟ್ಟು ಹದಿನಾರು. "ಎಲ್ಲಾ ಕೂಡಿ ಇರ್ತಾವ್ರಿ, ಏನೂ ಆಗಂಗಿಲ್ಲ" ಅಂತ ಅಂಗಡಿಯವರು ಹೇಳಿದ್ದರು. ಅಂಗಡಿಯ ತೊಟ್ಟಿಯಲ್ಲಿ ಎಲ್ಲವೂ ಕೂಡಿಯೇ ಇದ್ದವು, ಅದಂತೂ ನಿಜ. ಆದರೆ ಅಲ್ಲಿ ಒಂದು ಮೀನು ಇರುವುದು ಕೆಲವು ದಿನ, ಮನೆಯಲ್ಲಿ ಇರಬೇಕಾದ್ದು ವರ್ಷಗಟ್ಟಲೆ.

ಅಲಂಕಾರಕ್ಕೆ ಕಲ್ಲು ಬೇಕು ಅಂತ ಹುಡುಗ ಹಿತ್ತಿಲಲ್ಲಿ ಬಿದ್ದಿದ್ದ ಶಹಾಬಾದ್ ಕಲ್ಲಿನ ತುಂಡುಗಳನ್ನು ತಂದು, ಚೆನ್ನಾಗಿ ತೊಳೆದು, ಒಂದರ ಮೇಲೊಂದಿಟ್ಟು ಗುಹೆ ಮಾಡಿದ. ನಮ್ಮ ಕಡೆ ಮನೆಗಳ ನೆಲಕ್ಕೆ ಹಾಸುವುದೇ ಆ ಕಲ್ಲು, ಹೀಗಾಗಿ ತುಂಡಿಗೆ ಬರವಿಲ್ಲ. ನೋಡಲು ಗುಹೆ ಚೆಂದವೇ ಇತ್ತು. ಆ ಕಲ್ಲಿನ ವಿಷಯ ಮುಂದೆ ಬರುತ್ತದೆ.

ಸಮಸ್ಯೆ ಕಂಡ ಬಗೆ

ನಾಲ್ಕು ದಿನದಲ್ಲಿ ಮೂರು ನಿಯಾನ್ ಹೋದವು. ವಾರ ತುಂಬುವಷ್ಟರಲ್ಲಿ ಆರೂ ಇಲ್ಲ. ಗೋಲ್ಡ್‌ಫಿಶ್ ಎರಡೂ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಫೈಟರ್ ಫಿಲ್ಟರ್ ಹಿಂದಿನ ಸಂದಿಯಲ್ಲಿ ಸೇರಿಕೊಂಡು ಹೊರಗೇ ಬರಲಿಲ್ಲ.

ಏಂಜೆಲ್‌ಗಳ ಕಥೆಯನ್ನು ಹುಡುಗ ಫೋನಿನಲ್ಲಿ ವಿಡಿಯೊ ಮಾಡಿಟ್ಟಿದ್ದ, ನಾನು ಆಮೇಲೆ ನೋಡಿದೆ. ಏಂಜೆಲ್‌ಗೆ ಹೊಟ್ಟೆಯ ಕೆಳಗೆ ದಾರದ ಹಾಗೆ ಉದ್ದ ರೆಕ್ಕೆ ಎರಡು ಇಳಿಬಿದ್ದಿರುತ್ತವೆ. ವಿಡಿಯೊದಲ್ಲಿ ಒಂದು ಬಾರ್ಬ್ ಎದುರಿಗೆ ನಿಲ್ಲುತ್ತದೆ, ಏಂಜೆಲ್ ಅದರ ಕಡೆ ತಿರುಗುತ್ತದೆ. ಅಷ್ಟರಲ್ಲಿ ಇನ್ನೊಂದು ಹಿಂದಿನಿಂದ ಬಂದು ಆ ದಾರದ ತುದಿಗೆ ಬಾಯಿ ಹಾಕಿ ಸರ್ರನೆ ಹೋಗುತ್ತದೆ. ಒಂದು ಏಂಜೆಲ್‌ಗೆ ಎಡಗಡೆಯ ದಾರ ಬುಡದಲ್ಲಿ ಮೋಟಾಗಿ ಉಳಿದಿತ್ತು, ತುದಿಯಲ್ಲಿ ಬೆಳ್ಳಗೆ ಕೀವಿನಂಥದ್ದು. ಟೈಗರ್ ಬಾರ್ಬ್ ಕೆಟ್ಟ ಮೀನಲ್ಲ. ಗುಂಪಿನಲ್ಲಿ ಎಂಟು-ಹತ್ತು ಇದ್ದರೆ ತಮ್ಮತಮ್ಮಲ್ಲೇ ಜಗಳ ಆಡಿಕೊಂಡಿರುತ್ತವೆ. ಮೂರು-ನಾಲ್ಕೇ ಇದ್ದು, ಪಕ್ಕದಲ್ಲಿ ಉದ್ದ ರೆಕ್ಕೆಯ ನಿಧಾನಿ ಮೀನು ಇದ್ದರೆ ಹೀಗೆಯೇ ಆಗುವುದು. ಏಂಜೆಲ್, ಫೈಟರ್, ಉದ್ದ ಬಾಲದ ಗಪ್ಪಿ, ಈ ಮೂರನ್ನೂ ಅದರ ಜೊತೆ ಬಿಡುವ ಹಾಗಿಲ್ಲ.

ಇಷ್ಟನ್ನೇ ನೋಡಿದರೆ ಇದು ಜಾತಿ ಹೊಂದದ ತೊಂದರೆ ಅನಿಸುತ್ತದೆ. ಮನೆಯವರಿಗೂ ಹಾಗೇ ಅನಿಸಿತು. ಆದರೆ ನಿಯಾನ್‌ಗಳನ್ನು ಯಾರೂ ಕಚ್ಚಿರಲಿಲ್ಲ. ಗೋಲ್ಡ್‌ಫಿಶ್ ತಂಟೆಗೆ ಯಾರೂ ಹೋಗಿರಲಿಲ್ಲ. ಅವೇಕೆ ಸಾಯಬೇಕು, ಅಲ್ವಾ?

ಮೊದಲ ಸುತ್ತಿನ ಪ್ರಯತ್ನ

ಅಂಗಡಿಯವರು ನೀಲಿ ಔಷಧಿ ಕೊಟ್ಟರು, ಒಂದು ಹಿಡಿ ಕಲ್ಲುಪ್ಪು ಹಾಕಲು ಹೇಳಿದರು. ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಬೂಷ್ಟಿನ ರೋಗಕ್ಕೆ ಅದು ಕೆಲಸ ಮಾಡುತ್ತದೆ, ಆದರೆ ಬೇರೆ ಬಕೆಟಿನಲ್ಲಿ ಕೊಡಬೇಕು. ಟ್ಯಾಂಕಿಗೇ ಸುರಿದರೆ ಫಿಲ್ಟರ್‌ನಲ್ಲಿ ಬೆಳೆಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು.

ನೀರು ನೀಲಿಯಾಗಿ, ಆಮೇಲೆ ಮಂಕಾಗಿ ವಾಸನೆ ಬಂತು. ಆಗ ಟೀಚರ್ ಒಂದು ಭಾನುವಾರ ಮೀನುಗಳನ್ನು ಬಕೆಟಿಗೆ ಹಾಕಿ, ಟ್ಯಾಂಕನ್ನು ಅಂಗಳಕ್ಕೆ ತಂದು, ಜಲ್ಲಿ, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆದರು. ಪಾತ್ರೆ ತೊಳೆದಷ್ಟು ಸ್ವಚ್ಛ. ಹೊಸ ನೀರು ತುಂಬಿದರು. ಎರಡು ದಿನ ಎಲ್ಲ ಚೆನ್ನಾಗಿತ್ತು, ಮೂರನೇ ದಿನ ಒಂದು ಗೋಲ್ಡ್‌ಫಿಶ್ ಹೋಯಿತು.

ನನಗೆ ಫೋನ್ ಬಂದಿದ್ದು ಆಗ. "ಅಣ್ಣಾರ, ದಿನಾ ಒಂದೊಂದು ಸಾಯ್ಲಕತ್ತಾವ್ರಿ. ಮಗ ಊಟ ಬಿಟ್ಟಾನ. ಯಾವ ಮೀನು ತೆಗಿಬೇಕು ಅಷ್ಟು ಹೇಳ್ರಿ."

ನಾನು ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಗೊಂಡು ಹೋದೆ. ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ, ಪಿಎಚ್ 8.2. ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಲವಣ, ಲೀಟರಿಗೆ 400 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. ಅಂದರೆ ಮನುಷ್ಯರಿಗೆ ನಡೆಯುವ ನೀರು. ಅಮೆಜಾನ್ ಕಡೆಯ ತೊರೆಗಳ ಮೆತ್ತನೆಯ, ಸ್ವಲ್ಪ ಹುಳಿ ನೀರಿನ ಮೀನಾದ ನಿಯಾನ್‌ಗೆ ಅಲ್ಲ.

ಅಮೋನಿಯಾದ್ದು ಎರಡು ಮಾತಿನಲ್ಲಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಸಾಕು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಈ ಮನೆಯಲ್ಲಿ ಮೊದಲ ದಿನವೇ ಹದಿನಾರು ಮೀನು. ಆಮೇಲೆ ಔಷಧಿ, ಅದರ ಮೇಲೆ ಸ್ಪಂಜು ತಿಕ್ಕಿ ತೊಳೆದಿದ್ದು. ಬ್ಯಾಕ್ಟೀರಿಯಾ ಚಿಗುರುವ ಮೊದಲೇ ಮತ್ತೆ ಮತ್ತೆ ಕಿತ್ತ ಹಾಗಾಯಿತು.

ಇದಕ್ಕೆ ನಮ್ಮ ಊರಿನ ನೀರು ಇನ್ನೊಂದು ಏಟು ಸೇರಿಸುತ್ತದೆ. ಅಷ್ಟೇ ಅಮೋನಿಯಾ ಇದ್ದರೂ ಅದು ಎಷ್ಟು ವಿಷ ಅನ್ನುವುದು ಪಿಎಚ್ ಮತ್ತು ಬಿಸಿಯ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದರಲ್ಲಿ ವಿಷದ ರೂಪದಲ್ಲಿರುವುದು ನೂರಕ್ಕೆ ಬರೀ ಅರ್ಧ (0.5) ಪಾಲು. ಪಿಎಚ್ 8 ಆದರೆ ನೂರಕ್ಕೆ ಐದರ ಮೇಲೆ. ನೀರು 30 ಡಿಗ್ರಿಗೆ ಏರಿದರೆ ಏಳರ ಮೇಲೆ. ಮೆತ್ತನೆ ನೀರಿನ ಊರಲ್ಲಿ ಹೇಗೋ ದಾಟಿಹೋಗುವ ಹೊಸ ಟ್ಯಾಂಕಿನ ತಪ್ಪು ಕಲಬುರಗಿಯಲ್ಲಿ ಹತ್ತು ಪಟ್ಟು ದುಬಾರಿ.

ಆ ದಿನ ಮಾಡಿದ್ದು ಇಷ್ಟೇ. ಅರ್ಧ ನೀರು ಬದಲಿಸಿದೆವು, ಕಾಳು ಹಾಕುವುದನ್ನು ಎರಡು ದಿನ ನಿಲ್ಲಿಸಿದೆವು. ನನ್ನ ಟ್ಯಾಂಕಿನಲ್ಲಿ ಓಡುತ್ತಿದ್ದ ಹಳೆಯ ಸ್ಪಂಜಿನ ಒಂದು ತುಂಡನ್ನು ಅವರ ಫಿಲ್ಟರ್‌ಗೆ ಇಟ್ಟೆ. ಬೇರೆಯವರ ಟ್ಯಾಂಕ್ ಆರೋಗ್ಯವಾಗಿದೆ ಅಂತ ಗೊತ್ತಿದ್ದರೆ ಮಾತ್ರ ಇದನ್ನು ಮಾಡಬೇಕು, ಇಲ್ಲದಿದ್ದರೆ ರೋಗವೂ ಜೊತೆಗೆ ಬರುತ್ತದೆ. ಬಾರ್ಬ್‌ಗಳನ್ನು ಬೇರೆ ಮಾಡಲು ನಡುವೆ ರಂಧ್ರದ ಪ್ಲಾಸ್ಟಿಕ್ ಜಾಳಿಗೆ ನಿಲ್ಲಿಸಿದೆವು. ಸಾವು ನಿಂತಿತು. ಆದರೆ ಇದು ತಾತ್ಕಾಲಿಕ ಅಂತ ಟೀಚರ್‌ಗೂ ಗೊತ್ತಿತ್ತು.

ಫಿಲ್ಟರ್ ನೀರಿನ ಹಾದಿ

ಇಲ್ಲಿ ಟೀಚರ್ ತಾವೇ ಒಂದು ತೀರ್ಮಾನ ತಗೊಂಡರು, ಅದರಲ್ಲಿ ತರ್ಕ ಇತ್ತು. ನೀರು ಗಡಸು ಅನ್ನುವುದೇ ತೊಂದರೆ ಆದರೆ ನೀರನ್ನೇ ಬದಲಿಸೋಣ. ಮನೆಯಲ್ಲಿ ಆರ್‌ಒ ಇದೆ, ಬೀದಿ ತುದಿಯಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ ಇದೆ. ಟ್ಯಾಂಕಿಗೆ ಪೂರ್ತಿ ಫಿಲ್ಟರ್ ನೀರು ಹಾಕಿದರೆ ಏಂಜೆಲ್ ಚೆನ್ನಾಗಿರುತ್ತವೆ, ನಿಯಾನ್ ಮತ್ತೆ ತರಬಹುದು. ಮಗನಿಗೆ ನಿಯಾನ್ ಅಂದರೆ ಪ್ರಾಣ.

ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿದರು. ಒಂದೇ ಸಲ ಮಾಡಲಿಲ್ಲ, ಅದು ಜಾಣತನ. ಹುಡುಗ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣ ಮೊದಲಾದವುಗಳ ಒಟ್ಟು ಪ್ರಮಾಣವನ್ನು ತೋರಿಸುವ ಪೆನ್ನಿನಲ್ಲಿ ಅಳೆದು ನೋಟ್‌ಬುಕ್‌ನಲ್ಲಿ ಬರೆಯತೊಡಗಿದ. ಕ್ಯಾನಿನ ನೀರು 50ರ ಆಸುಪಾಸು. ಟ್ಯಾಂಕಿನಲ್ಲಿ ಮಾತ್ರ ಇಳಿದ ಅಂಕಿ ವಾರದೊಳಗೆ ಮತ್ತೆ ಮೇಲೆ. ಮತ್ತೆ ಬದಲಿಸಿದರೆ ಮತ್ತೆ ಮೇಲೆ. ಕಾಳು, ಹೊಲಸಿನಿಂದಲೂ ಟಿಡಿಎಸ್ ಏರುತ್ತದೆ, ಅದು ಸಹಜ. ಆದರೆ ಕಿಟ್‌ನಲ್ಲಿ ಗಡಸುತನವೂ ಏರುತ್ತಿತ್ತು. ಕಾಳಿನಿಂದ ಅಷ್ಟು ಸುಣ್ಣ ಬರುವುದಿಲ್ಲ.

ನಾನು ಒಂದು ನಿಂಬೆಹಣ್ಣು ಕೇಳಿದೆ. ಗುಹೆಯ ಒಂದು ತುಂಡು ಕಲ್ಲು ತೆಗೆದು ಬಟ್ಟೆಯಲ್ಲಿ ಒರೆಸಿ ಒಣಗಿಸಿದೆವು. ಪಾಚಿ ಹಿಡಿದ ಮುಖವನ್ನು ಚಮಚದ ಹಿಡಿಯಿಂದ ಕೆರೆದು ಹೊಸ ಬೂದು ಮೈ ಕಾಣುವ ಹಾಗೆ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿದೆ. ಹುಡುಗ ಮೂಗು ತಾಗುವಷ್ಟು ಬಗ್ಗಿ ನೋಡಿದ. ರಸದ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು, ಸಣ್ಣಗೆ ಚುರುಚುರು ಸದ್ದೂ ಕೇಳಿಸಿತು. "ಕಾಕಾ, ಕಲ್ಲು ಸೋಡಾ ಆಗ್ಲಕತ್ತದ!"

ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಶಹಾಬಾದ್, ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿದ್ದೂ ಈ ಕಲ್ಲಿನ ಆಸೆಗೇ. ಮೊದಲೇ ಗಡಸಾಗಿದ್ದ ಬೋರ್ ನೀರಿನಲ್ಲಿ ಅದು ಹೆಚ್ಚು ಕರಗುತ್ತಿರಲಿಲ್ಲ. ಸುಣ್ಣವೇ ಇಲ್ಲದ ಆರ್‌ಒ ನೀರು ಸಿಕ್ಕ ಕೂಡಲೇ ಕರಗತೊಡಗಿತು. ಟೀಚರ್ ಒಂದು ಕಡೆ ಸುಣ್ಣ ತೆಗೆದ ನೀರು ಹೊತ್ತು ತರುತ್ತಿದ್ದರು, ಇನ್ನೊಂದು ಕಡೆ ಮಗನ ಗುಹೆ ಅದಕ್ಕೆ ಸುಣ್ಣ ಸೇರಿಸುತ್ತಿತ್ತು.

ಕಲ್ಲು ತೆಗೆದುಬಿಡಿ, ಮುಗಿಯಿತು ಅನ್ನಬಹುದು. ಅಷ್ಟು ಸರಳ ಇಲ್ಲ. ಆ ಕಲ್ಲು ಒಂದು ಲೆಕ್ಕದಲ್ಲಿ ಉಪಕಾರವನ್ನೇ ಮಾಡಿತ್ತು. ಬರೀ ಆರ್‌ಒ ನೀರಿನಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಇರುವುದಿಲ್ಲ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ, ಪಿಎಚ್ ದಿಢೀರ್ ಕುಸಿಯುತ್ತದೆ, ಆಗ ಬ್ಯಾಕ್ಟೀರಿಯಾ ಕೂಡ ಕೆಲಸ ನಿಲ್ಲಿಸುತ್ತವೆ. ಕಲ್ಲು ಅದನ್ನು ತಡೆದಿತ್ತು. ಕಲ್ಲು ತೆಗೆದರೆ ಆರ್‌ಒ ನೀರಿಗೆ ಲೆಕ್ಕ ಹಾಕಿ ಬೋರ್ ನೀರು ಬೆರೆಸಬೇಕು, ಪ್ರತಿ ವಾರ ಅದೇ ಹದ ಹಿಡಿಯಬೇಕು. ಅನುಭವ ಇರುವವರು ಮಾಡುತ್ತಾರೆ. ಮೊದಲ ಟ್ಯಾಂಕಿಗೆ ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಆಯಿ. ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ. ಮಾರ್ಚ್ ಕೊನೆ. ನಲ್ಲಿ ನೀರು ದಿನ ಬಿಟ್ಟು ದಿನ ಕೂಡ ಬರುತ್ತಿರಲಿಲ್ಲ. "ಮಂದಿಗಿ ಕುಡ್ಯಾಕ ನೀರಿಲ್ಲ, ನಿಮ್ಮ ಮೀನಿಗಿ ಫಿಲ್ಟರ್ ನೀರಾ?" ಅಂತ ಆಯಿ ಕೇಳಿದ್ದಕ್ಕೆ ಟೀಚರ್ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಕೆಮಿಸ್ಟ್ರಿಗಿಂತ ಆ ಮಾತೇ ಈ ಹಾದಿಯನ್ನು ಮುಚ್ಚಿತು ಅಂದರೂ ತಪ್ಪಿಲ್ಲ.

ತಿರುವು: ನೀರಿಗೆ ತಕ್ಕ ಮೀನು

ಒಂದು ಸಂಜೆ ಎಲ್ಲರೂ ಟ್ಯಾಂಕಿನ ಮುಂದೆ ಕೂತೆವು. ಟ್ಯಾಂಕಿನಲ್ಲಿ ಇದ್ದ ಮತ್ತು ಬೇಕಾದ ಮೀನುಗಳ ಹೆಸರೆಲ್ಲ ಹುಡುಗನ ನೋಟ್‌ಬುಕ್‌ನಲ್ಲಿ ಬರೆದು, ಒಂದೊಂದಾಗಿ ಹೊಡೆದುಹಾಕುತ್ತ ಹೋದೆವು. ಯಾವುದು ಯಾವುದರ ಜೊತೆ ಅನ್ನುವ ಮಾತನ್ನು ಕೊನೆಗೆ ಇಟ್ಟುಕೊಂಡೆವು.

ಮೊದಲು ನೀರು. ಬೋರ್ ಮತ್ತು ನಲ್ಲಿ ನೀರು ಬೆರೆತ ಸಂಪಿನ ನೀರನ್ನೇ ಬಳಸುವುದು ಅಂತ ಆದ ಮೇಲೆ ನಿಯಾನ್ ಮೊದಲ ಗೆರೆಗೇ ಹೋಯಿತು. ಹುಡುಗ ಪೆನ್ನು ಟೀಚರ್ ಕೈಗೆ ಕೊಟ್ಟ, ತಾನು ಹೊಡೆಯಲಿಲ್ಲ. ಉಳಿದಿದ್ದು ಗಡಸು ನೀರನ್ನು ಸುಮ್ನೆ ತಡೆದುಕೊಳ್ಳುವವು ಮತ್ತು ಗಡಸು ನೀರನ್ನೇ ಬಯಸುವವು. ಎರಡನೇ ಗುಂಪಿನಲ್ಲಿ ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವೆ, ಎಲ್ಲವೂ ಮರಿ ಹಾಕುವ ಜಾತಿ.

ಎರಡನೆಯದು ಮೇ ತಿಂಗಳು. ಕಲಬುರಗಿಯಲ್ಲಿ ಹೊರಗೆ 42-43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಹೊತ್ತಿಗೆ ಒಳಗೆ ಟ್ಯಾಂಕಿನ ನೀರು 32-33 ಮುಟ್ಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಮೀನಿಗೆ ಮಾತ್ರ ಬಿಸಿಯಲ್ಲಿ ಉಸಿರು ಜಾಸ್ತಿ ಬೇಕು. ಗೋಲ್ಡ್‌ಫಿಶ್ ತಂಪು ನೀರಿನ ಮೀನು, 20ರ ಆಸುಪಾಸು ಅದಕ್ಕೆ ಹಿತ. ಮೇಲಾಗಿ ಸಿಕ್ಕಾಪಟ್ಟೆ ತಿಂದು ಹೊಲಸು ಮಾಡುತ್ತದೆ. ಹೊಸಬರಿಗೆ ಗೋಲ್ಡ್‌ಫಿಶ್ ಸುಲಭ ಅನ್ನುವ ಮಾತು ನಮ್ಮ ಕಡೆಯ ಬಿಸಿಲಿಗೆ ಹೊಂದುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ಲಾಟಿ, ಸ್ವೋರ್ಡ್‌ಟೇಲ್ ಕೂಡ ಸ್ವಲ್ಪ ತಂಪು ಬಯಸುತ್ತವೆ. ಅವೂ ಹೋದವು.

ಮೂರನೆಯದು ಟ್ಯಾಂಕ್. ಸಕ್ಕರ್ ಈಗ ಬೆರಳುದ್ದ, ಆದರೆ ಸಾಮಾನ್ಯ ಜಾತಿಯದು ಒಂದಡಿ ಮೀರಿ ಬೆಳೆಯುತ್ತದೆ. ಟ್ಯಾಂಕಿನ ಅಗಲವೇ ಒಂದಡಿ, ತಿರುಗಲೂ ಆಗುವುದಿಲ್ಲ. ಹೊಲಸು ತಿನ್ನುತ್ತದೆ ಅನ್ನುವುದೂ ಸುಳ್ಳು, ತಿನ್ನುವುದು ಪಾಚಿಯನ್ನು. ಅದು ಮಾಡುವ ಹೊಲಸೇ ದೊಡ್ಡದು. ಏಂಜೆಲ್ ಕಥೆ ಬೇರೆ. ಈಗ ಸಿಗುವ ಏಂಜೆಲ್ ಎಲ್ಲ ಸಾಕಣೆಯವು, ಗಡಸು ನೀರಿಗೂ ಹೊಂದಿಕೊಳ್ಳುತ್ತವೆ, ಬಿಸಿಯನ್ನೂ ತಡೆಯುತ್ತವೆ. ಆದರೆ ರೆಕ್ಕೆ ಸೇರಿ ಅದರ ಎತ್ತರ ಉದ್ದಕ್ಕಿಂತ ಜಾಸ್ತಿ. ಒಂದಡಿ ಎತ್ತರದಲ್ಲಿ ಜಲ್ಲಿ ಕಳೆದರೆ ಉಳಿಯುವುದು ಹತ್ತಿಂಚು. ಈ ಟ್ಯಾಂಕಿನಲ್ಲಿ ಅದಕ್ಕೆ ಜಾಗ ಇಲ್ಲ. ಮೊಲ್ಲಿಯೂ ಮೂರ್ನಾಲ್ಕು ಇಂಚು ಬೆಳೆಯುತ್ತದೆ, 45 ಲೀಟರ್ ಬಿಗಿಯಾಗುತ್ತದೆ.

ಕೊನೆಗೆ ಉಳಿದಿದ್ದು ಗಪ್ಪಿ, ಜೀಬ್ರಾ ಡೇನಿಯೊ, ಒಂಟಿ ಫೈಟರ್, ಬಸವನಹುಳು. ಜಾತಿ ಹೊಂದಾಣಿಕೆಯ ಮಾತು ಬಂದಿದ್ದು ಈಗ, ನಾಲ್ಕೇ ಹೆಸರಿನ ಮೇಲೆ. ಫೈಟರ್ ಗಪ್ಪಿಯ ಬಣ್ಣದ ಬಾಲ ನೋಡಿ ಇನ್ನೊಂದು ಗಂಡು ಫೈಟರ್ ಅಂದುಕೊಂಡು ಮೈಮೇಲೆ ಹೋಗುವುದುಂಟು. ಹಾಗಾಗಿ ಒಟ್ಟಿಗೆ ಬೇಡ. ಜೀಬ್ರಾ ಡೇನಿಯೊ ನಮ್ಮ ದೇಶದ್ದೇ ಮೀನು, ಗಟ್ಟಿಮುಟ್ಟು, ಆದರೆ ಸದಾ ಓಡಾಟ. ಗಪ್ಪಿಯ ಬಾಲ ಹಿಡಿದು ಓಡಿಸುವ ಗುಣವೂ ಕೆಲವಕ್ಕೆ ಇದೆ. ಇದರಲ್ಲಿ ನಾನು ಖಡಾಖಂಡಿತ ಹೇಳಲಿಲ್ಲ. ಗಪ್ಪಿ ಬೇಕೋ ಡೇನಿಯೊ ಬೇಕೋ ಅಂತ ಹುಡುಗನಿಗೇ ಬಿಟ್ಟೆವು. ಬಣ್ಣ ಗೆದ್ದಿತು. ಎಂಟು ಗಂಡು ಗಪ್ಪಿ, ಜೊತೆಗೆ ಎರಡು ಬಸವನಹುಳು. ಗಡಸು ನೀರು ಹುಳುವಿನ ಚಿಪ್ಪಿಗೂ ಒಳ್ಳೆಯದು. ಸುಣ್ಣದ ಗುಹೆಯೂ ಈಗ ಇದ್ದಲ್ಲೇ ಇರಬಹುದಾಯಿತು!

ಗಂಡು ಮಾತ್ರ ಯಾಕೆ? ಹೆಣ್ಣಿದ್ದರೆ ಸುಮಾರು ತಿಂಗಳಿಗೊಮ್ಮೆ ಮರಿ. ಗಂಡು-ಹೆಣ್ಣು ಎರಡನ್ನೂ ಇಡುವುದಾದರೆ ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು ಇರಬೇಕು, ಇಲ್ಲದಿದ್ದರೆ ಹೆಣ್ಣನ್ನು ಅಟ್ಟಿಸಿ ಅಟ್ಟಿಸಿ ಸಾಯಿಸುತ್ತವೆ. ಆ ಲೆಕ್ಕದಲ್ಲಿ ಹೋದರೆ ಎರಡಡಿ ಟ್ಯಾಂಕ್ ಮಳೆಗಾಲದೊಳಗೆ ತುಂಬಿಹೋಗುತ್ತದೆ.

ಹಳೆಯ ಮೀನುಗಳನ್ನು ಏನು ಮಾಡಿದರು

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ತಂದೆ ಫೋನಿನಲ್ಲೇ ಪರಿಹಾರ ಹೇಳಿದರು: "ಅಪ್ಪನ ಕೆರಿಗಿ ಬಿಟ್ಟು ಬರ್ರಿ, ಪುಣ್ಯ ಬರ್ತದ." ಅಪ್ಪನ ಕೆರೆ ಅಂದರೆ ನಮ್ಮ ಊರಿನ ಕೆರೆ. ಬೇಡ ಅಂತ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಸಕ್ಕರ್ ಜಾತಿಯ ಮೀನುಗಳು ದೇಶದ ಎಷ್ಟೋ ಕೆರೆ-ನದಿಗಳಲ್ಲಿ ಹೀಗೆ ಬಿಟ್ಟೇ ಸೇರಿಕೊಂಡಿವೆ. ಮುಳ್ಳು-ತಟ್ಟೆಯ ಮೈ, ತಿನ್ನುವವರಿಲ್ಲ, ಮೀನುಗಾರರ ಬಲೆ ಹರಿಯುತ್ತದೆ, ಊರಿನ ಮೀನಿಗೆ ಜಾಗ ಬಿಡುವುದಿಲ್ಲ.

ಬಾರ್ಬ್ ನಾಲ್ಕೂ, ಸಕ್ಕರೂ ಅಂಗಡಿಗೆ ವಾಪಸ್ ಹೋದವು. ಅಂಗಡಿಯವರು ದುಡ್ಡು ಕೊಡಲಿಲ್ಲ, ಮೀನು ತಗೊಂಡರು. ಏಂಜೆಲ್‌ಗಳನ್ನು ದೊಡ್ಡ ಟ್ಯಾಂಕ್ ಇರುವ ಪರಿಚಯದವರಿಗೆ ಕೊಟ್ಟರು. ಉಳಿದ ಒಂದು ಗೋಲ್ಡ್‌ಫಿಶ್ ಬೇವಿನ ನೆರಳಿನಲ್ಲಿ ಸಿಮೆಂಟ್ ತೊಟ್ಟಿ ಇರುವ ಸಂಬಂಧಿಕರ ಮನೆಗೆ ಹೋಯಿತು. ಫೈಟರ್ ಮಾತ್ರ ಮನೆಯಲ್ಲೇ ಉಳಿಯಿತು. ಹದಿನೈದು ಲೀಟರಿನ ಬೇರೆ ಗಾಜಿನ ತೊಟ್ಟಿ, ಸಣ್ಣ ಸ್ಪಂಜ್ ಫಿಲ್ಟರ್, ಆಯಿಯ ಕೋಣೆಯಲ್ಲಿ. ಫಿಲ್ಟರ್ ನೀರಿಗೆ ಜಗಳ ಮಾಡಿದ ಆಯಿಯೇ ಈಗ ಬೆಳಿಗ್ಗೆ ಅದಕ್ಕೆ ಕಾಳು ಹಾಕುವವರು. ಎಷ್ಟು ಹಾಕಬೇಕು ಅನ್ನುವುದು ಮಾತ್ರ ಅವರಿಗೂ ಮೊಮ್ಮಗನಿಗೂ ಇನ್ನೂ ಇತ್ಯರ್ಥ ಆಗಿಲ್ಲ.

ಬೇಸಿಗೆಯಲ್ಲಿ ಆದದ್ದು

ಗಪ್ಪಿಗಳನ್ನು ಅಂಗಡಿಯಿಂದ ತರಲಿಲ್ಲ. ಅಲಂಕಾರದ ಮೀನು ಬಹಳಷ್ಟು ಚೆನ್ನೈನ ಕೊಳತ್ತೂರು, ಕೋಲ್ಕತ್ತಾ ಕಡೆಯ ಸಾಕಣೆಯಿಂದ ಬರುತ್ತದೆ. ದೂರದ ಪ್ರಯಾಣ, ಬೇರೆ ನೀರು. ಊರಲ್ಲೇ ಒಬ್ಬರು ತಾರಸಿಯ ತೊಟ್ಟಿಯಲ್ಲಿ ಇದೇ ಬೋರ್ ನೀರಲ್ಲಿ ಗಪ್ಪಿ ಬೆಳೆಸುತ್ತಾರೆ. ಬಣ್ಣ ಅಷ್ಟು ಮಿಂಚುವುದಿಲ್ಲ, ಆದರೆ ಈ ನೀರು, ಈ ಬಿಸಿಲು ಕಂಡು ಹುಟ್ಟಿದವು. ಮೊದಲು ಐದು ತಂದರು. ಎರಡು ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಇನ್ನು ಮೂರು.

ಏಪ್ರಿಲ್‌ನಲ್ಲಿ ಟ್ಯಾಂಕನ್ನು ಪಶ್ಚಿಮದ ಗೋಡೆಯಿಂದ ಒಳಗಿನ ಗೋಡೆಗೆ ಸರಿಸಿದರು. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರು. ನಮ್ಮ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು-ಮೂರು ಡಿಗ್ರಿ ಇಳಿಯಿತು. ಆದರೆ ನೀರು ದಿನಾ ಆರುತ್ತದೆ. ಆರುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. ಅದಕ್ಕೆ ಮತ್ತೆ ಬೋರ್ ನೀರೇ ಸುರಿಯುತ್ತ ಹೋದರೆ ಗಡಸುತನ ಏರುತ್ತಲೇ ಹೋಗುತ್ತದೆ. ಆರಿದ್ದಷ್ಟನ್ನು ತುಂಬಲು ಮಾತ್ರ ಆರ್‌ಒ ನೀರು ಅಂತ ಆಯಿತು, ದಿನಕ್ಕೆ ಒಂದೋ ಎರಡೋ ಚೊಂಬು. ಇಷ್ಟಕ್ಕೆ ಆಯಿ ತಕರಾರು ಮಾಡಲಿಲ್ಲ. ವಾರದ ಬದಲಾವಣೆಗೆ ಸಂಪಿನ ನೀರೇ, ನಲ್ಲಿ ನೀರು ಬಂದ ವಾರ ಕ್ಲೋರಿನ್ ತೆಗೆಯುವ ಹನಿ ಹಾಕಿ.

ಐಸ್ ಬಾಟಲಿ ತೇಲಿಬಿಡುವುದನ್ನೂ ಹುಡುಗ ಮಾಡಿ ನೋಡಿದ. ಅರ್ಧ ಗಂಟೆಯಲ್ಲಿ ನಾಲ್ಕು ಡಿಗ್ರಿ ಇಳಿದು, ಸಂಜೆಗೆ ಮತ್ತೆ ಅಷ್ಟೇ ಏರಿತು. ನಿಧಾನಕ್ಕೆ ಏರಿದ 32 ಡಿಗ್ರಿಗಿಂತ ಈ ಏರಿಳಿತ ಕೆಟ್ಟದ್ದು, ನಿಲ್ಲಿಸಲು ಹೇಳಿದೆ.

ಮೇ ಎರಡನೇ ವಾರ ಒಂದು ರಾತ್ರಿ ಗಾಳಿ-ಮಳೆಗೆ ಕರೆಂಟ್ ಹೋಗಿ ಬೆಳಗಿನವರೆಗೆ ಬರಲಿಲ್ಲ. ಇನ್ವರ್ಟರ್ ಮೂರು ಫ್ಯಾನ್ ಓಡಿಸಿ ನಡುರಾತ್ರಿಗೆ ಮುಗಿದಿತ್ತು. ಬೆಳಿಗ್ಗೆ ಎರಡು ಗಪ್ಪಿ ಸತ್ತಿದ್ದವು, ಉಳಿದ ಆರು ನೀರಿನ ಮೇಲ್ಮೈಯಲ್ಲಿ ಬಾಯಿ ಆಡಿಸುತ್ತಿದ್ದವು. ಟೀಚರ್ ಕಪ್ಪಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿದು ಉಳಿಸಿಕೊಂಡರು. ಆಮೇಲೆ ಬ್ಯಾಟರಿ ಮೇಲೆ ಓಡುವ ಏರ್ ಪಂಪ್ ಬಂತು, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವಂಥದ್ದು. ಈ ಪಂಪನ್ನು ಮೊದಲ ದಿನವೇ ತರಬೇಕಿತ್ತು. ನಮ್ಮ ಕಡೆ ಎಲ್‌ಇಡಿ ಪಟ್ಟಿ, ಬಣ್ಣದ ಜಲ್ಲಿ ಆಮೇಲೂ ತರಬಹುದು. ಮೂರು-ನಾಲ್ಕು ಗಂಟೆ ನೀರಿನ ಓಡಾಟ ನಿಂತರೆ ಮೀನಿನ ಜೊತೆ ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಉಸಿರು ಕಟ್ಟುತ್ತದೆ.

ಅದಾದ ಮೇಲೆ ಒಂದೂ ಸತ್ತಿಲ್ಲ. ಸೆಖೆಯ ದಿನಗಳಲ್ಲಿ ಕಾಳು ಅರ್ಧಕ್ಕೆ ಇಳಿಸಿದ್ದರು. ಜೂನ್‌ನಲ್ಲಿ ಮತ್ತೆ ನೀರು ನೋಡಿದಾಗ ಅಮೋನಿಯಾ ಸೊನ್ನೆ, ಪಿಎಚ್ ಅದೇ 8.2. ಅಂಕಿ ಬದಲಾಗಿಲ್ಲ, ಅದರಲ್ಲಿ ಇರುವ ಮೀನಿಗೆ ಅದು ಊರಿನ ನೀರು.

ಈಗಿನ ಸ್ಥಿತಿ

ಮಳೆಗಾಲದಲ್ಲಿ ಹುಡುಗ ಮನೆಯಲ್ಲಿ ಹೇಳದೆ ಎರಡು ಹೆಣ್ಣು ಗಪ್ಪಿ ತಂದು ಬಿಟ್ಟ. ಸತ್ತ ಎರಡರ ಜಾಗ ಖಾಲಿ ಇತ್ತಲ್ಲ ಅನ್ನುವುದು ಅವನ ವಾದ. ಆರು ಗಂಡು, ಎರಡು ಹೆಣ್ಣು, ಲೆಕ್ಕ ಪೂರ್ತಿ ಉಲ್ಟಾ. ಗೊತ್ತಾದ ಕೂಡಲೇ ಹೆಣ್ಣುಗಳನ್ನು ಬೇರೆ ಡಬ್ಬಿಗೆ ಹಾಕಿದರು. ಆದರೂ ಮರಿ ಬರುವುದು ನಿಲ್ಲಲಿಲ್ಲ. ಹೆಣ್ಣು ಗಪ್ಪಿ ಒಂದು ಸಲ ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲದು. ಶಾಲೆಯ ಗೆಳೆಯರಿಗೆ ಹಂಚಿ ಮುಗಿಯಿತು. ಕೆರೆಗೆ ಬಿಡುವ ಮಾತನ್ನು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರೇ ಗಪ್ಪಿ, ಗ್ಯಾಂಬೂಸಿಯಾ ಬಿಡುವುದುಂಟು ಅಂತ ಟೀಚರ್ ಕೇಳಿದರು. ಅದು ನಿಜ. ಆದರೆ ಎಲ್ಲಿ ಬಿಡಬೇಕು ಅನ್ನುವುದು ಅವರ ಕೆಲಸ. ನಿಮ್ಮ ಅಂಗಳದ ತೊಟ್ಟಿಯಲ್ಲಿ ಹತ್ತು ಬಿಟ್ಟುಕೊಳ್ಳಿ, ಚರಂಡಿಗೆ ಹರಿದುಹೋಗದ ಹಾಗೆ ನೋಡಿಕೊಳ್ಳಿ ಅಂದೆ.

ಏಂಜೆಲ್ ಆಸೆ ಹುಡುಗನಿಗೆ ಇನ್ನೂ ಹೋಗಿಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ-ಎತ್ತರದ ಟ್ಯಾಂಕ್ ಆದರೆ ಒಂದು ಜೋಡಿ ಇಡಬಹುದು. ಅದು 190 ಲೀಟರ್, ಅಂದರೆ ನೀರೇ 190 ಕಿಲೊ. ಈಗಿನ ಮೇಜು ತಡೆಯುವುದಿಲ್ಲ, ಕಬ್ಬಿಣದ ಸ್ಟ್ಯಾಂಡ್ ಬೇಕು. ಟೀಚರ್ ಗೋಡೆ ಅಳೆದಿಟ್ಟಿದ್ದಾರೆ, ಇನ್ನೂ ಹೂಂ ಅಂದಿಲ್ಲ. ಗಪ್ಪಿಯನ್ನೂ ಅದಕ್ಕೇ ಬಿಡಬಹುದಾ ಅಂತ ಹುಡುಗ ಕೇಳಿದ. ಆಗಲ್ಲ, ಬೆಳೆದ ಏಂಜೆಲ್ ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ ಅಂದೆ. ಅವನು ಸ್ವಲ್ಪ ಹೊತ್ತು ಮರಿಗಳ ಡಬ್ಬಿ ನೋಡಿದ.

"ಹಂಗಾದ್ರ ಈ ಮರಿ ಅದಕ್ಕ ಹಾಕಬಹುದಲ್ಲ ಕಾಕಾ?"

ಏಂಜೆಲ್ ಸಾಕುವವರಲ್ಲಿ ಕೆಲವರು ಗಪ್ಪಿ ಇಟ್ಟುಕೊಳ್ಳುವುದೇ ಅದಕ್ಕೆ ಅಂತ ನಾನು ಹೇಳಲಿಲ್ಲ, ಅಡುಗೆಮನೆ ಬಾಗಿಲಲ್ಲಿ ಆಯಿ ನಿಂತಿದ್ದರು.